ಅಣ್ಣನ ಹೋಟೆಲು ಪಟ್ಟಿ ಸೇರಿದ್ದು

ಹಳೆಯ ಕಟ್ಟಡಗಳು ನಿಂತಲ್ಲೇ ನಿಂತಿರುತ್ತವೆ. ಅವುಗಳ ಯಜಮಾನರು ನಿಲ್ಲುವುದಿಲ್ಲ. ಹಾಗಾಗಿ ನಮ್ಮ ಕೆಲಸದಲ್ಲಿ ತಮಾಷೆಗಳು ನಡೆಯುತ್ತಲೇ ಇರುತ್ತವೆ. ನಾನು ಓದಿದ್ದು ರಸಾಯನಶಾಸ್ತ್ರ. ಕೆಲಸ, ಮರಾಠಿ ನಾಡಿನ ಕಲ್ಯಾಣದಲ್ಲಿ ಹಳೆಯ ಪೇಟೆಯ ಅಂಗಡಿಗಳನ್ನು ಅಳೆದು, ಗಾರೆ, ಮರ ಪರೀಕ್ಷಿಸಿ, ಪಾರಂಪರಿಕ ಕಟ್ಟಡಗಳ ಪಟ್ಟಿಗೆ ವರದಿ ಬರೆಯುವುದು.

ಇವು ಒಂದೇ ಹೋಟೆಲಿನ ಪ್ರಸಂಗಗಳು. ಯಜಮಾನರು ಕುಂದಾಪುರದ ಕಡೆಯವರು, ಪೇಟೆಗೆಲ್ಲ 'ಅಣ್ಣ'. ಅಜ್ಜ ಕಟ್ಟಿಸಿದ ಹೋಟೆಲು, ಮುಂಭಾಗವೆಲ್ಲ ಕೆತ್ತಿದ ಸಾಗವಾನಿ. ರಸ್ತೆ ಅಗಲಿಸುವವರು ಜಗಲಿಯ ಮೇಲೆ ಕೆಂಪು ಗೆರೆ ಎಳೆದು ಹೋಗಿದ್ದರು. ಪಟ್ಟಿ ಸೇರಿದರೆ ಹೋಟೆಲು ಉಳಿಯುತ್ತದೆ. ಇಲ್ಲವಾದರೆ ಬುಲ್ಡೋಜರು.

೧. ಅಳತೆ

ಮೊದಲ ದಿನ ಟೇಪಿನ ಒಂದು ತುದಿಯನ್ನು ಅಣ್ಣನ ಕೈಗೆ ಕೊಟ್ಟೆ. ಮೂರು ಸಲ ಅಳೆದೆ, ಪ್ರತಿ ಸಲವೂ ಕಟ್ಟಡ ಕಿರಿದಾಗುತ್ತಾ ಬಂತು. ತಿರುಗಿ ನೋಡಿದರೆ ಅಣ್ಣ ತುದಿ ಹಿಡಿದುಕೊಂಡು ಮೆಲ್ಲಗೆ ನನ್ನ ಕಡೆಗೇ ಬರುತ್ತಿದ್ದರು.

"ಅಣ್ಣಾ, ನಾನು ರಸ್ತೆಯವನಲ್ಲ. ಇದು ಕಟ್ಟಡ ಉಳಿಸುವ ಅಳತೆ."

"ಮೊದಲೇ ಹೇಳುವುದಲ್ಲವಾ ಮಾರಾಯ್ರೆ!" ಎಂದವರೇ ಹಿಂದೆ ಹಿಂದೆ ಹೋಗಿ, ಪಕ್ಕದ ದರ್ಜಿಯ ಅಂಗಡಿ ದಾಟಿ ನಿಂತರು. "ಈಗ ಬರೆದುಕೊಳ್ಳಿ."

೨. ವಯಸ್ಸು

ಕಟ್ಟಡದ ವಯಸ್ಸಿಗೆ ಕಾಗದಪತ್ರ ಇರಲಿಲ್ಲ.

"ಕಲ್ಯಾಣಕ್ಕೆ ರೈಲು ಬರುವ ಮೊದಲೇ ಅಜ್ಜ ಕಟ್ಟಿಸಿದ್ದು," ಎಂದರು ಅಣ್ಣ.

ನಾನು ಏಣಿ ಹತ್ತಿ ಮಾಳಿಗೆ ನೋಡಿದೆ. ತೊಲೆಗಳ ಜಾಗದಲ್ಲಿ ಹಳೆಯ ರೈಲು ಹಳಿಗಳಿದ್ದವು.

"ಅಣ್ಣಾ, ರೈಲೇ ಬಂದಿರಲಿಲ್ಲ. ಹಳಿ ಎಲ್ಲಿಂದ ಬಂತು?"

ಅಣ್ಣ ಒಂದು ಗಳಿಗೆ ಮೇಲೆ ನೋಡಿದರು. "ಅಜ್ಜನಿಗೆ ದೂರದೃಷ್ಟಿ ಇತ್ತು."

ವರದಿಯಲ್ಲಿ ಹಳಿಗಳನ್ನು ಬರೆದೆ. ದೂರದೃಷ್ಟಿಯನ್ನು ಬಿಟ್ಟೆ.

೩. ಸಮಿತಿ

ಕಡೆಗೆ ಪಟ್ಟಿ ತೀರ್ಮಾನಿಸುವ ಸಮಿತಿಯ ಮೂವರು ನೋಡಲು ಬಂದರು. ಹಿಂದಿನ ದಿನ ಅಣ್ಣನಿಗೆ ಸ್ಪಷ್ಟವಾಗಿ ಹೇಳಿದ್ದೆ: ಬಣ್ಣ ಬಳಿಯಬೇಡಿ, ಸನ್ಮೈಕಾ ಅಂಟಿಸಬೇಡಿ, ಒಂದು ಮೊಳೆಯನ್ನೂ ಹೊಡೆಯಬೇಡಿ. ಅಣ್ಣ ಅಷ್ಟನ್ನೂ ಪಾಲಿಸಿದ್ದರು. ಆದರೆ ನಮ್ಮ ಕಡೆ ದೊಡ್ಡವರು ಬಂದರೆ ಫ್ಲೆಕ್ಸ್ ಕಟ್ಟದೆ ಇರುವುದುಂಟೇ? ಸೂರಿನಿಂದ ಜಗಲಿಯವರೆಗೆ ಹಗ್ಗದಲ್ಲಿ ಬಿಗಿದ ಒಂದೇ ಫ್ಲೆಕ್ಸು. 'ಹಾರ್ದಿಕ ಸ್ವಾಗತ'. ಕೆಳಗೆ ಸಮಿತಿಯ ಮೂವರ ಆಳೆತ್ತರದ ಮುಖಗಳು.

ಅಧ್ಯಕ್ಷೆ ಆಚೀಚೆ ನೋಡಿ ಮರಾಠಿಯಲ್ಲಿ ಕೇಳಿದರು: "ಬಿಲ್ಡಿಂಗ್ ಕುಠೇ ಆಹೇ?" ಕಟ್ಟಡ ಎಲ್ಲಿದೆ ಎಂದು.

"ನಿಮ್ಮ ಹಿಂದೆಯೇ ಉಂಟು ಮೇಡಂ," ಎಂದು ಅಣ್ಣ ಫ್ಲೆಕ್ಸಿನಲ್ಲಿದ್ದ ಮೇಡಮ್ಮನ್ನು ತೋರಿಸಿದರು.

ನಾನು ಓಡಿಹೋಗಿ ಹಗ್ಗ ಬಿಚ್ಚಿದೆ. ಫ್ಲೆಕ್ಸ್ ಒಂದೇ ಸಲಕ್ಕೆ ಜಾರಿ ಬಿತ್ತು. ಬೆಳಗಿನ ಬಿಸಿಲು ನೇರವಾಗಿ ಮರದ ಮೇಲೆ. ಬಳ್ಳಿ, ಗಿಳಿ, ಕಂಬಗಳ ತುದಿಯಲ್ಲಿ ಅರಳಿದ ತಾವರೆ. ಆಮೇಲೆ ಹಿರಿಯ ಸದಸ್ಯರೊಬ್ಬರು ಚಪ್ಪಾಳೆ ತಟ್ಟಿದರು. ಅನಾವರಣದ ಕಾರ್ಯಕ್ರಮ ಇರಬೇಕೆಂದುಕೊಂಡರು. ಅಧ್ಯಕ್ಷೆಯೂ ತಟ್ಟಿದರು. ತಿಂಡಿ ತಿನ್ನುತ್ತಿದ್ದವರೆಲ್ಲ ಎದ್ದು ಬಂದು ತಟ್ಟಿದರು.

"ಬೇಕಾದರೆ ರಸ್ತೆ ತಿರುಗಲಿ," ಎಂದರು ಅಧ್ಯಕ್ಷೆ. "ಇದು ಕದಲುವುದಿಲ್ಲ."

ಪಟ್ಟಿ ಸೇರಿದ ಪತ್ರವನ್ನು ನಾನೇ ಒಯ್ದು ಓದಿ ಹೇಳಿದೆ. ಅಣ್ಣ ಕಣ್ಣೊರೆಸಿಕೊಂಡು ಪೇಟೆಗೆಲ್ಲ ಶೀರಾ ಹಂಚಿದರು. ಆಮೇಲೆ ನಿಯಮ ಓದಿದೆ: ಇನ್ನು ಮುಂಭಾಗಕ್ಕೆ ಏನನ್ನೂ ಕಟ್ಟುವಂತಿಲ್ಲ.

ಅಣ್ಣನ ಮುಖ ಸಣ್ಣದಾಯಿತು. ಒಳಗಿನಿಂದ ಒಂದು ಹೊಸ ಸುರುಳಿ ತಂದು ಬಿಚ್ಚಿದರು. 'ಅಭಿನಂದನೆಗಳು'. ಕೆಳಗೆ ಹನ್ನೆರಡು ಅಡಿಯ ನಾನು.

"ವರ್ತಕ ನಗರದಲ್ಲಿ ನಿಮ್ಮ ಮನೆಯಿರುವ ಸೊಸೈಟಿ ಕಟ್ಟಡ ಉಂಟಲ್ಲ," ಎಂದರು ಅಣ್ಣ, "ಅದು ಪಟ್ಟಿಯಲ್ಲಿ ಇಲ್ಲವಲ್ಲ ಮಾರಾಯ್ರೆ?"