ತುರಿಕೆಯ ಬೇರು ಹಿಡಿಯುವ ಡಾಕ್ಟರಮ್ಮ

ಶಹಾಬಾದದ ನಮ್ಮ ಚರ್ಮದ ದವಾಖಾನೆಗೆ ತುರಿಸಿಕೊಳ್ಳುತ್ತ ಬಂದವರು ನಗುತ್ತ ಹೋಗುತ್ತಾರೆ. ಇಲ್ಲಿ ನರ್ಸಾದ ನಾನು ನಗು ನುಂಗಿಕೊಂಡು ಚೀಟಿ ಬರೆಯುತ್ತೇನೆ. ನಮ್ಮ ಮೇಡಂ ಮುಲಾಮು ಬರೆಯುವ ಮೊದಲು ಮನೆ, ಕೆಲಸ, ಸಾಬೂನು, ಹಾಸಿಗೆ ಎಲ್ಲ ವಿಚಾರಿಸುತ್ತಾರೆ. ‘ಇವರೇನು ಬೀಗತನ ಮಾಡಾಕ ಬಂದಾರೇನು’ ಎಂದು ಮೊದಮೊದಲು ನನಗೇ ಅನ್ನಿಸುತ್ತಿತ್ತು. ಈಗ ಆ ಪ್ರಶ್ನೆಗಳಿಗೆ ಕೈ ಮುಗಿಯುತ್ತೇನೆ.

ಹೊಸ ಗ್ಲೌಸು

ವಾಡಿಯ ಗೌಂಡಿಯೊಬ್ಬನ ಎರಡೂ ಅಂಗೈ ಬಿರುಕು ಬಿಟ್ಟು ರಕ್ತ ಜಿನುಗುತ್ತಿತ್ತು. ರೊಟ್ಟಿ ಮುರಿಯಲೂ ಆಗದೆ ಹೆಂಡತಿಯೇ ತುತ್ತು ಮಾಡಿ ಕೊಡುತ್ತಿದ್ದಳಂತೆ. ಯಾರೋ ಮಾಟ ಅಂದಿದ್ದರು.

ಮೇಡಂ ಕೈ ಹಿಡಿದು ನೋಡಿ, “ಮಾಟ ಅಲ್ಲಪ್ಪ, ಹಸಿ ಸಿಮೆಂಟು. ರಬ್ಬರ್ ಗ್ಲೌಸ್ ಹಾಕ್ಕೊಂಡೇ ಕಲಸು” ಎಂದು ಮುಲಾಮು ಕೊಟ್ಟರು.

ಹದಿನೈದು ದಿನಕ್ಕೆ ಮತ್ತೆ ಅದೇ ಕೈ.

“ಗ್ಲೌಸ್ ತಗೊಂಡಿಲ್ಲೇನು?”

“ತಗೊಂಡೀನ್ರಿ ಮೇಡಂ, ಭಾಳ ಚಲೋ ಅವ” ಎಂದು ಜೇಬಿನಿಂದ ತೆಗೆದು ತೋರಿಸಿದ. ಅಂಗಡಿಯ ಕವರೂ ಹರಿದಿರಲಿಲ್ಲ.

“ಮತ್ತ ಯಾಕ ಹಾಕ್ಕೊಂಡಿಲ್ಲ?”

“ಹಾಕ್ಕೊಂಡ್ರ ಸಿಮೆಂಟು ಹತ್ತಿ ಕೆಡ್ತಾವಲ್ರೀ!”

ನೋಡಿ ಆಸೆ

ಐನಾಪುರದ ರೈತನ ಬೆರಳ ಸಂದಿಗಳಲ್ಲೆಲ್ಲ ಗುಳ್ಳೆ.

“ಮನ್ಯಾಗ ಮತ್ತ ಯಾರಿಗೆ ತುರಸ್ತದ?”

“ಯಾರಿಗೂ ಇಲ್ರಿ, ನನಗೊಬ್ಬಗೇ.”

ಬಾಗಿಲ ಬಳಿ ಅವನ ತಾಯಿ, ಹೆಂಡತಿ, ತಮ್ಮ ಸಾಲಾಗಿ ಕುಳಿತಿದ್ದರು. ಮೇಡಂ ಅವರ ಕಡೆ ತಿರುಗಿ ನೋಡಿದರು. ಮೂವರ ಕೈಗೂ ಬಿಡುವಿರಲಿಲ್ಲ.

“ಇದು ಕಜ್ಜಿ. ಕಣ್ಣಿಗೆ ಕಾಣದಂಥ ಹುಳ. ಒಬ್ರೇ ಹಚ್ಚಿದ್ರ ಇನ್ನೊಬ್ರ ಮೈಯಿಂದ ತಿರುಗಿ ಬರ್ತದ. ಎಲ್ಲಾರೂ ಒಂದೇ ದಿನ ಔಷಧ ಹಚ್ಚಿಕೊಳ್ರಿ, ಹಾಸೋ ಹೊಚ್ಚೋ ಕೌದಿ ಬಿಸಿನೀರಾಗ ಒಗೀರಿ.”

ತಾಯಿ ಬಳೆಯಿಂದ ಮೊಣಕೈ ಕೆರೆದುಕೊಳ್ಳುತ್ತಲೇ ಹೇಳಿದಳು: “ನನಗೇನೂ ಆಗಿಲ್ಲ ಬಿಡವ್ವ. ಇವ್ರು ಕೆರಕೊಳ್ಳೋದು ನೋಡಿ ನನಗೂ ಆಸಿ ಆಗ್ತದ, ಅಷ್ಟ!”

ಅತ್ತೆಯ ತವರು

ಚಿತ್ತಾಪುರದ ಅತ್ತೆಯೊಬ್ಬಳು ಸೊಸೆಯನ್ನು ಎಳೆದುಕೊಂಡೇ ಬಂದಳು. “ತೊನ್ನು ಮುಚ್ಚಿಟ್ಟು ಲಗ್ನ ಮಾಡ್ಯಾರ್ರಿ! ಇವತ್ತೇ ತವರಿಗೆ ಕಳಸ್ತೀನಿ.” ಸೊಸೆಯ ಕಣ್ಣು ತುಂಬಿತ್ತು.

“ಟಿಕಳಿ ತೆಗಿಯವ್ವ” ಎಂದರು ಮೇಡಂ. ಬಿಂದಿ ತೆಗೆದ ಹಣೆಯಲ್ಲಿ ಟಿಕಳಿಯಷ್ಟೇ ದುಂಡಗೆ ಬಿಳಿ ಕಲೆ. ಮೈಯಲ್ಲಿ ಬೇರೆಲ್ಲೂ ಇರಲಿಲ್ಲ.

“ಇದು ಟಿಕಳಿ ಅಂಟಿನ ಕೆಲಸ. ಕೆಲವರ ಚರ್ಮಕ್ಕ ಆಗಿ ಬರಂಗಿಲ್ಲ. ಹಚ್ಚೋದು ಬಿಟ್ಟು ಔಷಧ ಮಾಡಿದ್ರ ನಿಧಾನಕ್ಕ ಬಣ್ಣ ಬರಬಹುದು. ತೊನ್ನೇ ಆಗಿದ್ರೂ ಒಬ್ರಿಂದ ಒಬ್ರಿಗೆ ಹತ್ತೋ ರೋಗ ಅಲ್ಲದು. ಟಿಕಳಿ ತಂದವರು ಯಾರು?”

ಸೊಸೆ ಅತ್ತೆಯ ಕಡೆ ನೋಡಿದಳು. “ನಾನೇ ರೀ” ಎಂದಳು ಅತ್ತೆ, ಸಣ್ಣ ದನಿಯಲ್ಲಿ.

“ನಿಮ್ದೂ ತೆಗೀರಿ ನೋಡೋಣ.”

ತೆಗೆದಳು. ಅಲ್ಲೂ ಬಿಳಿ ಚುಕ್ಕೆ! ಕನ್ನಡಿ ನೋಡಿಕೊಂಡವಳೇ ಸೊಸೆಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

“ಲಗೂ ಔಷಧ ಬರೀರಿ ಮೇಡಂ. ನನ್ನ ತವರಾಗ ಈಗ ಯಾರೂ ಉಳಿದಿಲ್ಲ!”

ಮಾಸ್ತರರ ನಮಸ್ಕಾರ

ಸೇಡಂನ ನಿವೃತ್ತ ಹೆಡ್‌ಮಾಸ್ತರರು ಬಹಳ ಗಂಭೀರ ಮನುಷ್ಯರು. ಹೊಕ್ಕಳ ಕೆಳಗೆ ಕಪ್ಪು ಕಲೆ, ವಿಪರೀತ ತುರಿಕೆ. ಗಜಕರ್ಣವೆಂದು ಎರಡು ವರ್ಷ ಕಂಡಕಂಡ ಮುಲಾಮು ಹಚ್ಚಿದ್ದರು. ನಾಲ್ಕು ಜನರ ಮುಂದೆ ಕೈ ಅಲ್ಲಿಗೇ ಹೋಗುತ್ತದೆಂಬ ನಾಚಿಕೆಗೆ ಸಭೆ, ಮದುವೆ ಎಲ್ಲ ಬಿಟ್ಟಿದ್ದರು.

ಮೇಡಂ ಕೇಳಿದ್ದು ಒಂದೇ ಪ್ರಶ್ನೆ: “ಸರ್, ಈ ಬೆಲ್ಟು ಯಾವಾಗಿಂದ ಹಾಕ್ಕೊಳಾಕತ್ತೀರಿ?”

“ರಿಟೈರಾದಾಗ ಹುಡುಗರು ಕೊಟ್ಟಿದ್ದು ರೀ. ಎರಡು ವರ್ಷ ಆತು.”

“ಬಕಲ್ಲಿನ ಲೋಹ ನಿಮಗ ಒಗ್ಗಂಗಿಲ್ಲ. ಇವತ್ತೇ ಬಿಡ್ರಿ.”

ತಿಂಗಳ ಮೇಲೆ ಮಾಸ್ತರರು ಮತ್ತೆ ಬಂದರು. ಎಡಗೈ ಸೊಂಟದ ಮೇಲೇ ಇತ್ತು, ಹೊಟ್ಟೆನೋವೇನೋ ಅಂದುಕೊಂಡೆ. ನೇರ ಮೇಡಂ ಮುಂದೆ ನಿಂತರು. “ಜೀವನಪೂರ್ತಿ ಪ್ರಶ್ನೆ ಕೇಳ್ದಾಂವ ನಾನು. ಆದ್ರ ಪ್ರಶ್ನೆ ಅಂದ್ರ ನಿಮ್ದು, ತಾಯಿ! ಒಂದೇ ಪ್ರಶ್ನೆದಾಗ ನನ್ನ ಮಂದ್ಯಾಗ ತಂದು ಕುಂದ್ರಿಸಿದ್ರಿ.”

ಹಾಗೆಂದವರೇ ಭಕ್ತಿಯಿಂದ ಎರಡೂ ಕೈ ಎತ್ತಿ ಜೋಡಿಸಿದರು. ಬೆಲ್ಟಿಲ್ಲದ ಪ್ಯಾಂಟು ಸರ್ರನೆ ಮೊಣಕಾಲಿಗಿಳಿಯಿತು.

ನಾನು ಗೋಡೆಯ ಕಡೆ ತಿರುಗಿಬಿಟ್ಟೆ. ಮೇಡಂ ಮಾತ್ರ ಒಂಚೂರೂ ವಿಚಲಿತರಾಗದೆ ಕನ್ನಡಕ ಸರಿಪಡಿಸಿಕೊಂಡು ನೋಡಿ ಹೇಳಿದರು:

“ಕಲೆ ಪೂರಾ ಹೋಗ್ಯಾದ ಸರ್. ಇನ್ನ ಏರಿಸ್ಕೊಳ್ರಿ.”