ಓಡುವ ಎಂಜಿನ್ನಿನ ಸ್ನಾನ

ಕಷ್ಟದ ಮಾತನ್ನು ಮುಂದೂಡುವುದರಲ್ಲಿ ನನ್ನನ್ನು ಮೀರಿಸುವವರು ಮಿಷಿಗನ್ನಿನಲ್ಲಿ ಯಾರೂ ಇರಲಾರರು. 'ಕೆಲಸ ಸ್ವಲ್ಪ ಹಗುರಾಗಲಿ, ನಿಧಾನವಾಗಿ ಕೂತು ಮಾತಾಡೋಣ' ಎನ್ನುತ್ತೇನೆ. ಆ ನಿಧಾನ ಈವರೆಗೆ ನಮ್ಮ ಮನೆಗೆ ಕಾಲಿಟ್ಟಿಲ್ಲ.

ತಮಾಷೆಯೆಂದರೆ, ಸ್ಟರ್ಲಿಂಗ್ ಹೈಟ್ಸ್‌ನ ನಮ್ಮ ಕಾರ್ಖಾನೆಯಲ್ಲಿ ನಾನು ಹೊಸಬರಿಗೆ ಹೇಳಿಕೊಡುವ ಪಾಠ ಇದಕ್ಕೆ ತದ್ವಿರುದ್ಧ. ಅಲ್ಲಿ ವಿದ್ಯುತ್ ಉತ್ಪಾದಿಸುವ ದೊಡ್ಡ ಡೀಸೆಲ್ ಎಂಜಿನ್‌ಗಳನ್ನು ಪರೀಕ್ಷಿಸುತ್ತೇವೆ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವುದು ಟರ್ಬೋ. ಅದರ ಕಂಪ್ರೆಸರ್ ರೆಕ್ಕೆಗಳಿಗೆ ಎಣ್ಣೆಯ ಜಿಡ್ಡು, ಧೂಳು ಮೆತ್ತಿಕೊಂಡರೆ ಎಂಜಿನ್, ಮಹಡಿ ಹತ್ತುವಾಗಿನ ನನ್ನ ಹಾಗೆ, ಏದುಸಿರು ಬಿಡುತ್ತದೆ. ತೊಳೆಯಲೆಂದು ಅದನ್ನು ನಿಲ್ಲಿಸಬೇಕಿಲ್ಲ. ಪೂರ್ತಿ ಭಾರ ಹೊತ್ತು ಓಡುತ್ತಿರುವಾಗಲೇ ಅಳೆದಷ್ಟು ನೀರನ್ನು ಒಮ್ಮೆಗೇ ಚಿಮ್ಮಿಸಬೇಕು. ಆ ವೇಗಕ್ಕೆ ಹನಿಗಳೇ ಬಡಿದು ಕೊಳೆ ಎಬ್ಬಿಸುತ್ತವೆ. ಮೆಲ್ಲಗೆ ಓಡುವಾಗ ಹೊಯ್ದರೆ ರೆಕ್ಕೆ ಒದ್ದೆಯಾಗುತ್ತದೆ, ಕೊಳೆ ಹಾಗೇ ಕೂತಿರುತ್ತದೆ. ಇದನ್ನೆಲ್ಲ ಊಟದ ಮೇಜಿನಲ್ಲೂ ಕೊರೆದಿದ್ದೇನೆ. ಅದೇ ನಾನು ಮಾಡಿದ ತಪ್ಪು.

ನನ್ನ ಹೆಂಡತಿ ಶೈಲಜಾ ಧಾರವಾಡದವಳು, ಡಾಕ್ಟರು. ಶಿಕಾಗೋದ ಆಸ್ಪತ್ರೆಯೊಂದು ಅವಳನ್ನು ಕೆಲಸಕ್ಕೆ ಕರೆದಿತ್ತು. ಹೋದರೆ ವಾರವೆಲ್ಲ ಅವಳು ಅಲ್ಲಿ, ನಾನೂ ಮಗಳೂ ಇಲ್ಲಿ. ಅವಳು ಆ ಮಾತೆತ್ತಿದಾಗಲೆಲ್ಲ ನಾನು 'ಈ ಟೆಸ್ಟ್ ಒಂದು ಮುಗೀಲಿ' ಎನ್ನುತ್ತಿದ್ದೆ. ಟೆಸ್ಟುಗಳಿಗೇನು, ಒಂದರ ಹಿಂದೆ ಒಂದು ಬರುತ್ತಲೇ ಇದ್ದವು.

ಮೊನ್ನೆ ಶನಿವಾರ ಲಿವೋನಿಯಾದ ಸ್ನೇಹಿತರ ಮನೆಗೆ ಊಟಕ್ಕೆ ಹೊರಟಿದ್ದೆವು. ಸಿಕ್ಸ್ ನೈಂಟಿ ಸಿಕ್ಸ್ ಹೆದ್ದಾರಿಯಲ್ಲಿ ಎಡಕ್ಕೊಂದು ಟ್ರಕ್ಕು, ಬಲಕ್ಕೊಂದು ಟ್ರಕ್ಕು. ಆಗಲೇ ಶೈಲಜಾ ಶುರು ಮಾಡಿದಳು.

"ರೀ, ಶಿಕಾಗೋ ವಿಚಾರ ನಿಮಗೇನ್ ಅನಸ್ತದ?"

"ಅಯ್ಯೋ, ಟ್ರಾಫಿಕ್ ನೋಡೇ! ಮನೇಗ್ ಹೋಗಿ ಮಾತಾಡೋಣ."

"ಎಂಜಿನ್ ಓಡೂ ಮುಂದನ ತೊಳೀಬೇಕು ಅಂತೀರಿ. ಟರ್ಬೋಕ್ಕೊಂದು ನ್ಯಾಯ, ನನಗೊಂದು ನ್ಯಾಯ ಏನ್ರಿ?"

ಹಿಂದಿನ ಸೀಟಿನಿಂದ ಮಗಳು, "ಅಪ್ಪಾ, ಜಸ್ಟ್ ಆನ್ಸರ್ ಹರ್" ಎಂದಳು. ಹೆದ್ದಾರಿ ಬಿಟ್ಟು ಇಳಿದು ತಪ್ಪಿಸಿಕೊಳ್ಳೋಣವೆಂದರೆ ಹತ್ತಿರದಲ್ಲಿ ಎಕ್ಸಿಟ್ ಕೂಡ ಇರಲಿಲ್ಲ.

"ನೀನಿಲ್ದೆ ತುಂಬ ಕಷ್ಟ ಆಗುತ್ತೆ ಕಣೇ. ಭಯ ಆಗುತ್ತೆ" ಎಂದೆ. ಮದುವೆಯಾದಾಗಿನಿಂದ ಇಷ್ಟು ನೇರವಾಗಿ ನಾನು ಏನನ್ನೂ ಹೇಳಿರಲಿಲ್ಲವೇನೋ. ಸಾವರಿಸಿಕೊಂಡು, ದೊಡ್ಡ ಮನಸ್ಸು ಮಾಡಿ, "ಆದ್ರೂ ಪರವಾಗಿಲ್ಲ, ಹೋಗು. ಒಪ್ಕೋ" ಎಂದೆ.

ಶೈಲಜಾ ಕಣ್ಣೊರೆಸಿಕೊಂಡಳು. "ಆಸ್ಪತ್ರಿಗೆ ಒಪ್ಪಿಗಿ ನಿನ್ನೇನ ಕಳಿಸೀನ್ರಿ. ನಿಮಗ ಕಷ್ಟ ಆಗ್ತದೋ ಇಲ್ಲೋ, ಅಷ್ಟ ಕೇಳಬೇಕಾಗಿತ್ತು."

ಕೊಡಲೋ ಬೇಡವೋ ಎಂದು ನಾನು ಇಷ್ಟು ದಿನ ಒದ್ದಾಡಿದ ಅಪ್ಪಣೆಯನ್ನು ಯಾರೂ ಕೇಳಿಯೇ ಇರಲಿಲ್ಲ.