ಹಳದಿ ಮನೆಯ ಮುಂದಿನ ಸಾಲು

ಎಂಜಿನ್ ಶುರುವಾದರೆ ಸಾಕು, ನನಗೆ ನಿದ್ದೆ ಬರುತ್ತದೆ. ರಿಕ್ಷಾ ಆದರೂ ಸರಿ, ರೈಲಾದರೂ ಸರಿ. ನಮ್ಮವರು ವಿಮೆ ಕಂಪನಿಯ ನೌಕರರು, ಗದಗಿನಿಂದ ವಡೋದರಾಕ್ಕೆ ವರ್ಗವಾಗಿ ಬಂದವರು. ಅವರ ಜೊತೆ ವರ್ಷಕ್ಕೆರಡು ಸಲ ಊರಿಗೆ ಹೋಗಿ ಬರುತ್ತೇನೆ. ಆದರೂ ನಡುವೆ ಮಹಾರಾಷ್ಟ್ರ ಅಂತೊಂದು ರಾಜ್ಯ ಇದೆ ಎಂಬುದನ್ನು ನಾನು ನಕ್ಷೆ ನೋಡಿ ನಂಬಿದ್ದೇನೆ. ಇಂಥವಳು ಹೋದ ವರ್ಷ ನಮ್ಮವರ ಜೊತೆ ಹನ್ನೆರಡು ದಿನ ಯುರೋಪ್ ಪ್ರವಾಸ ಮಾಡಿ ಬಂದೆ, ಅದೂ ಬಸ್ಸಿನಲ್ಲಿ. ಬಸ್ಸಿನ ತುಂಬ ಗುಜರಾತಿಗಳು, ಅವರ ಥೇಪ್ಲಾ ರೊಟ್ಟಿಯ ಡಬ್ಬಿಗಳು, ನಡುವೆ ವಾಂತಿ ಬಾರದಿರಲೆಂದು ಗುಳಿಗೆ ನುಂಗಿ ಬಾಯಿ ತೆರೆದು ಮಲಗಿದ ನಾನು. ಪಕ್ಕದ ಸಾಲಿನಲ್ಲಿ ಸೂರತ್ತಿನ ಕೋಕಿಲಾಬೆನ್. ಅವರ ಯಜಮಾನರಿಗೆ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿದೆ. ನನ್ನ ತಲೆ ವಾಲಿದಾಗಲೆಲ್ಲ ಎತ್ತಿ ನೇರ ಮಾಡಿಡುವ ಕೆಲಸವನ್ನು ಆಕೆ ತಾವಾಗಿಯೇ ವಹಿಸಿಕೊಂಡಿದ್ದರು.

ಒಂದೇ ಒಂದು ಸಲ ನನಗೆ ತಾನಾಗಿಯೇ ಎಚ್ಚರವಾಯಿತು. ಬಸ್ಸು ನಿಂತಿತ್ತು, ಒಳಗೆ ಯಾರೂ ಇರಲಿಲ್ಲ. ಕಿಟಕಿಯಾಚೆ ನೀಲಿ ನೀರು, ಹಿಂದೆ ಹಿಮದ ಬೆಟ್ಟ, ದಡದಲ್ಲಿ ಕೆಂಪು ಹೆಂಚಿನ ಪುಟ್ಟ ಹಳದಿ ಮನೆ. ಅದರ ಬಾಗಿಲಿಗೆ ಮುಖ ಮಾಡಿ ಏಳೆಂಟು ಜನ, ಉದ್ದ ಕೋಟು, ಜರ್ಕಿನ್ ತೊಟ್ಟು, ತಲೆ ತಗ್ಗಿಸಿ, ಸಾಲಾಗಿ ನಿಂತಿದ್ದರು. ಕೊನೆಯಲ್ಲೊಬ್ಬ ಹೆಂಗಸು ಕೆಂಪು ಶಾಲು ಹೊದ್ದಿದ್ದಳು. ಹಳ್ಳಿಯ ಜನ ಸಂಜೆಯ ಪ್ರಾರ್ಥನೆಗೆ ಬಂದಿದ್ದಾರೆ ಅಂದುಕೊಂಡೆ. ನನ್ನ ಕಣ್ಣು ತುಂಬಿ ಬಂತು. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಮತ್ತೆ ನಿದ್ದೆ.

ವಡೋದರಾಕ್ಕೆ ಮರಳಿದ ಮೇಲೆ ಫತೇಗಂಜ್‌ನಲ್ಲಿ ಆರ್ಟ್ ಕ್ವಿಲ್ಟ್ ಕಲಿಸುವ ತರಗತಿಗೆ ಸೇರಿದೆ. ನಮ್ಮವ್ವ ಹಳೆ ಸೀರೆ, ಧೋತರ ಕೂಡಿಸಿ ಕೌದಿ ಹೊಲಿಯುತ್ತಿದ್ದಳು. ಇದು ಅದರ ಕಾಲೇಜು ಓದಿದ ತಂಗಿ ಎನ್ನಬಹುದು. ಬಟ್ಟೆ ಚೂರುಗಳಿಂದ ಚಿತ್ರ ಮಾಡಿ ಹೊಲಿದು ಗೋಡೆಗೆ ತೂಗುಹಾಕುವುದು. ನಮ್ಮವರು ನೋಡಿ, “ಹೊದಿಯೂದಿಲ್ಲ, ಹಾಸೂದಿಲ್ಲ. ಇಷ್ಟ್ಯಾಕ ಹೊಲೀತಿ?” ಅಂದರು. ಕಲೆ ತಿಳಿಯದವರ ಜೊತೆ ವಾದ ಯಾಕೆಂದು ಸೂಜಿಗೆ ದಾರ ಪೋಣಿಸಿದೆ. ಕೋಕಿಲಾಬೆನ್‌ಗೆ ಫೋನು ಮಾಡಿದರೆ ಮಿಲ್ಲಿನಿಂದ ಎರಡು ಚೀಲ ಬಟ್ಟೆ ಚೂರು ಕಳಿಸಿದರು. ಹದಿನಾಲ್ಕು ಬಗೆಯ ನೀಲಿ ಇತ್ತು. ಐದು ತಿಂಗಳು ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ನೀರು, ಬೆಟ್ಟ, ಮನೆ, ಜನ ಎಲ್ಲವನ್ನೂ ಹೊಲಿದೆ. ಟೀಚರಿಗೆ ಎಷ್ಟು ಹಿಡಿಸಿತೆಂದರೆ ಪ್ರದರ್ಶನದಲ್ಲಿ ನಡುಗೋಡೆ ನನಗೇ ಸಿಕ್ಕಿತು. ಕೆಳಗೆ ‘ಪ್ರಾರ್ಥನಾ’ ಎಂದು ಚೀಟಿ ಅಂಟಿಸಿದರು.

ಪ್ರದರ್ಶನದ ದಿನ ಬಂದವರಿಗೆಲ್ಲ ನಾನು ಯುರೋಪಿನ ಹಳ್ಳಿಗರ ಮೌನಭಕ್ತಿಯ ಬಗ್ಗೆ ಹೇಳಿದ್ದೇ ಹೇಳಿದ್ದು. ಪ್ರತಿ ಸಲವೂ ಭಕ್ತಿ ಸ್ವಲ್ಪ ಹೆಚ್ಚಾಗುತ್ತಿತ್ತು. ನಾಲ್ಕನೆಯ ಸಲ ಹೇಳುತ್ತಿದ್ದಾಗ, ನಾನೇ ಕರೆದಿದ್ದ ಕೋಕಿಲಾಬೆನ್ ಸೂರತ್ತಿನಿಂದ ಬಂದು ಹಿಂದೆ ನಿಂತರು. ಚಿತ್ರದ ಹತ್ತಿರ ಹೋದರು. ಕೆಂಪು ಶಾಲಿನ ಮೇಲೆ ಬೆರಳಿಟ್ಟರು.

“ಆ ತೋ ಹುಂ ಛುಂ,” ಅಂದರು. ಇದು ನಾನೇ ಅಲ್ಲವೆ ಎಂದು.

“ಅಲ್ಲ ಬೆನ್, ಅವರು ಹಳ್ಳಿಯವರು, ಪ್ರಾರ್ಥನೆಗೆ…”

“ಪ್ರಾರ್ಥನಾ ನಹೀ, ಬೆನ್. ಟಾಯ್ಲೆಟ್ ಥಾ. ಪೆಟ್ರೋಲ್ ಪಂಪ್‌ವಾಲಾ.”

ಬಾಗಿಲು ತೆರೆಯಲು ನಾಣ್ಯ ಹಾಕಬೇಕಿತ್ತಂತೆ. ತಲೆ ತಗ್ಗಿಸಿದ್ದು ಭಕ್ತಿಯಿಂದಲ್ಲ; ಎಲ್ಲರೂ ಪರ್ಸಿನಲ್ಲಿ ಚಿಲ್ಲರೆ ಹುಡುಕುತ್ತಿದ್ದರು. ಇದನ್ನೆಲ್ಲ ಆಕೆ ಸಣ್ಣ ದನಿಯಲ್ಲಿ ಹೇಳಲಿಲ್ಲ. ಮಿಲ್ಲಿನ ಯಂತ್ರಗಳ ನಡುವೆ ಮಾತಾಡಿ ರೂಢಿಯಾದ ಗಂಟಲು. ಟೀಚರು ಆ ಕೊನೆಯಿಂದ ಬಂದೇಬಿಟ್ಟರು. ನನಗೆ ಆ ಹದಿನಾಲ್ಕು ನೀಲಿಯಲ್ಲಿ ಯಾವುದಾದರೊಂದರೊಳಗೆ ಮುಳುಗಿಬಿಡೋಣ ಅನ್ನಿಸಿತು. ಆದರೆ ಕೋಕಿಲಾಬೆನ್ ನಗುತ್ತಿರಲಿಲ್ಲ. ಒಂಬತ್ತು ದೇಶ ಸುತ್ತಿದರೂ ತಮ್ಮ ಒಂದು ಫೋಟೊವೂ ಸರಿಯಾಗಿ ಬಂದಿಲ್ಲ, ನೀನೊಬ್ಬಳೇ ಚೆನ್ನಾಗಿ ಮಾಡಿದೆ ಎಂದು ಅವರು ಹಿಂದಿಯಲ್ಲಿ ಹೇಳಿದರು. ಟೀಚರು ಚೀಟಿಯ ಬಳಿ ಬಗ್ಗಿದರು. ಪೆನ್ನು ತೆಗೆದು ‘ಪ್ರಾರ್ಥನಾ’ ಹೊಡೆದುಹಾಕಿ ‘ಪ್ರತೀಕ್ಷಾ’ ಎಂದು ಬರೆದರು. ಕಾಯುವುದು ಕಾಯುವುದೇ ತಾನೆ.

ಆಮೇಲೆ ಜನ ಇನ್ನೂ ಹೆಚ್ಚು ನೆರೆದರು. ನಾನು ಮಾತ್ರ ಮೂಲೆಯ ಕುರ್ಚಿ ಬಿಟ್ಟು ಏಳಲಿಲ್ಲ. ಸಂಜೆ ಆಫೀಸು ಮುಗಿಸಿ ನಮ್ಮವರು ಬಂದರು. ಸಂಗತಿ ಕೇಳಿ ನಗುತ್ತಾರೆಂದು ನಾನು ಸಿದ್ಧಳಾಗಿದ್ದೆ. ಅವರು ನಗಲಿಲ್ಲ. ಕನ್ನಡಕ ಹಾಕಿಕೊಂಡು ಸಾಲಿನಲ್ಲಿದ್ದವರನ್ನು ಒಬ್ಬೊಬ್ಬರಾಗಿ ಎಣಿಸಿದರು.

“ಕೋಕಿಲಾಬೆನ್ ಮುಂದ ನಾ ನಿಂತಿದ್ದೆ. ನಾ ಎಲ್ಲದೇನಿ ಇದರಾಗ?”

ಈಗ ನಿಜ ಹೇಳಲೇಬೇಕು. ಅಲ್ಲಿ ಕಂದು ಜರ್ಕಿನ್ ತೊಟ್ಟ ಅಗಲ ಬೆನ್ನಿನ ಒಬ್ಬ ನಿಂತಿದ್ದ. ಯಾರೋ ಆ ದೇಶದ ರೈತನಿರಬೇಕು, ಚಿತ್ರಕ್ಕೆ ಅಡ್ಡ ಬರುತ್ತಾನೆ ಎಂದು ನಾನೇ ಅವನನ್ನು ಬಿಟ್ಟುಬಿಟ್ಟಿದ್ದೆ. ಮದುವೆಯಾಗಿ ಇಪ್ಪತ್ತಾರು ವರ್ಷ. ಆ ಜರ್ಕಿನ್ ಕೊಡಿಸಿದವಳೂ ನಾನೇ.

ಪ್ರದರ್ಶನ ಮುಗಿದ ಮೇಲೆ ಕ್ವಿಲ್ಟ್ ಮನೆಗೆ ತಂದು, ಸಾಲಿನ ಆ ಜಾಗದ ಹೊಲಿಗೆ ಬಿಚ್ಚಿದೆ. ಅಳತೆ ನೋಡಲು ಅವರನ್ನು ಬೆನ್ನು ತಿರುಗಿಸಿ ಬಾಲ್ಕನಿಯಲ್ಲಿ ನಿಲ್ಲಿಸಿದೆ. “ಒಂದೀಟು ತೆಳ್ಳಗ ಹೊಲಿ,” ಅಂದರು. ಆ ಬೆನ್ನನ್ನು ನಾನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಎಡ ಭುಜ ಬಲಕ್ಕಿಂತ ಸ್ವಲ್ಪ ಕೆಳಗಿತ್ತು.

“ಇದು ಯಾವಾಗಿಂದ ಹಿಂಗಾತು?” ಎಂದು ಕೇಳಿದೆ.

“ಮೊದಲಿಂದನೂ ಹಂಗ ಐತಿ,” ಅಂದರು.